ಕುದುರೆ ರಕ್ಷಣಾ ಕೇಂದ್ರದಲ್ಲಿ ಸ್ವಯಂಸೇವೆ: ಯಾವ ಕೆಲಸ ಯಾರಿಗೆ?

ಕುದುರೆಗಳಿಗೆ ಏನಾದರೂ ಮಾಡಬೇಕು ಅಂತ ಹೊರಟವರೆಲ್ಲ ಒಂದು ಹಂತದಲ್ಲಿ ತಡವರಿಸುತ್ತಾರೆ. ಕೇಂದ್ರದವರು ಒಂದು ಅರ್ಜಿ ಕೊಡುತ್ತಾರೆ. ಅದರಲ್ಲಿ ಐದಾರು ಚೌಕ ಇರುತ್ತದೆ. ಲಾಯದ ಕೆಲಸ, ಪಳಗಿಸುವ ಕೆಲಸ, ಮನೆಯಲ್ಲಿ ಇಟ್ಟುಕೊಂಡು ಸಾಕುವುದು, ರಕ್ಷಣಾ ತಂಡ, ಕಚೇರಿ ಕೆಲಸ. ಯಾವುದಕ್ಕೆ ಗುರುತು ಹಾಕುವುದು? ಎಲ್ಲದಕ್ಕೂ ಹಾಕಿಬಿಡೋಣ ಅನ್ನಿಸುತ್ತದೆ. ಹಾಗೆ ಹಾಕಿದವರಲ್ಲಿ ಜಾಸ್ತಿ ಜನ ಎರಡು ತಿಂಗಳಲ್ಲಿ ಬರುವುದನ್ನೇ ನಿಲ್ಲಿಸುತ್ತಾರೆ. ಅವರಿಗೆ ಕುದುರೆಯ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ತಮ್ಮ ಬದುಕಿಗೆ ಹೊಂದದ ಕೆಲಸ ಹಿಡಿದಿರುತ್ತಾರೆ, ಅಷ್ಟೇ.

ನಾನು ಲದ್ದಿ ಎತ್ತುವುದರಿಂದ ಶುರು ಮಾಡಿ, ಆಮೇಲೆ ಹೆದರಿದ ಕುದುರೆಗಳ ಜೊತೆ ಕೆಲಸ ಮಾಡಲು ಕಲಿತೆ. ಆ ಅನುಭವ ಇಟ್ಟುಕೊಂಡು ಒಂದೊಂದನ್ನೂ ತೂಗಿ ನೋಡುತ್ತೇನೆ.

ಮೊದಲು ನಿಮ್ಮನ್ನು ಅಳೆದುಕೊಳ್ಳಿ

ಎಷ್ಟು ಸಮಯ ಇದೆ ಅನ್ನುವುದಕ್ಕಿಂತ ಎಂಥ ಸಮಯ ಇದೆ ಅನ್ನುವುದು ಮುಖ್ಯ. ವಾರಕ್ಕೆ ಎರಡೇ ಗಂಟೆ, ಆದರೆ ತಪ್ಪದೆ ಅದೇ ದಿನ ಅದೇ ಹೊತ್ತಿಗೆ ಬರುತ್ತೀರಾ? ಹಾಗಾದರೆ ನಿಮಗೆ ಬಹಳ ಬೆಲೆ ಇದೆ. ತಿಂಗಳಿಗೊಮ್ಮೆ ಮೂರು ದಿನ ಪೂರ್ತಿ ಬಿಡುವು ಸಿಗುತ್ತದಾ? ಅದಕ್ಕೂ ಕೆಲಸ ಇದೆ, ಆದರೆ ಬೇರೆ ಥರದ್ದು. ಯಾವಾಗ ಬಿಡುವು ಸಿಗುತ್ತದೋ ಗೊತ್ತಿಲ್ಲ ಅನ್ನುವವರಿಗೆ ಮತ್ತೊಂದು ದಾರಿ.

ಎರಡನೆಯದು ದೇಹ. ದೊಡ್ಡ ಕುದುರೆ 400ರಿಂದ 500 ಕೆಜಿ ತೂಗುತ್ತದೆ. ಅದು ಸುಮ್ನೆ ತಲೆ ತಿರುಗಿಸಿದರೂ ನೀವು ಪಕ್ಕಕ್ಕೆ ಸರಿಯಬೇಕು. ಬೆನ್ನುನೋವು, ಮಂಡಿನೋವು, ಆಸ್ತಮಾ, ಹುಲ್ಲಿನ ಧೂಳಿನ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಹೇಳಿದರೆ ಯಾರೂ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ. ಹೇಳದೆ ನಡುವೆ ಕುಸಿದರೆ ಕಷ್ಟ.

ಮೂರನೆಯದು ಕುದುರೆಯ ಒಡನಾಟ ಎಷ್ಟಿದೆ ಅನ್ನುವುದು. ಇಲ್ಲಿ ಒಂದು ಮಾತು. ಸವಾರಿ ಬರುವುದೂ ಹೆದರಿದ ಕುದುರೆಯನ್ನು ಸಂಭಾಳಿಸುವುದೂ ಒಂದೇ ಅಲ್ಲ. ಹತ್ತು ವರ್ಷ ಸವಾರಿ ಮಾಡಿದವರಿಗೆ ಇಲ್ಲಿ ಹಳೆಯ ಅಭ್ಯಾಸ ಮರೆಯುವುದೇ ದೊಡ್ಡ ಕೆಲಸವಾಗುತ್ತದೆ. ಏನೂ ಗೊತ್ತಿಲ್ಲದವರು ಕೆಲವೊಮ್ಮೆ ಬೇಗ ಕಲಿಯುತ್ತಾರೆ.

ನಾಲ್ಕನೆಯದು ಹಣ ಮತ್ತು ಜಾಗ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವ ಮಾತು ಕುದುರೆ ವಿಷಯದಲ್ಲಿ ಅಕ್ಷರಶಃ ನಿಜ.

ಐದನೆಯದನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಸಾವು ನೋಡುವ ಶಕ್ತಿ ನಿಮಗೆ ಇದೆಯಾ? ರಕ್ಷಿಸಿ ತಂದ ಕುದುರೆಗಳೆಲ್ಲ ಉಳಿಯುವುದಿಲ್ಲ. ಉಳಿದವು ಕೂಡ ಒಂದು ದಿನ ಬೇರೆ ಮನೆಗೆ ಹೋಗುತ್ತವೆ. ಎರಡೂ ಅಗಲಿಕೆಯೇ ಅಲ್ವಾ? ನಿಮ್ಮ ಮನಸ್ಸು ಯಾವುದನ್ನು ತಡೆಯುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಲಾಯದ ಕೆಲಸ

ಇದನ್ನು ಕೀಳು ಕೆಲಸ ಅಂದುಕೊಂಡು ದಾಟಿಹೋಗುವವರು ಬಹಳ ಜನ. ನನ್ನ ಮಟ್ಟಿಗೆ ಎಲ್ಲರೂ ಶುರು ಮಾಡಬೇಕಾದದ್ದು ಇಲ್ಲೇ.

ಒಂದು ಕುದುರೆ ದಿನಕ್ಕೆ ತನ್ನ ತೂಕದ ಶೇ. 1.5ರಿಂದ 2ರಷ್ಟು ಒಣಮೇವು ತಿನ್ನುತ್ತದೆ. 500 ಕೆಜಿ ಕುದುರೆಗೆ ಅದು 8ರಿಂದ 10 ಕೆಜಿ. ನೀರು 25ರಿಂದ 45 ಲೀಟರ್, ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. ಲದ್ದಿ, ಮೂತ್ರ ಸೇರಿ 20 ಕೆಜಿಗೂ ಮೇಲೆ ಹೊರಬರುತ್ತದೆ. ಇದನ್ನು ಇಪ್ಪತ್ತು ಕುದುರೆಗೆ ಲೆಕ್ಕ ಹಾಕಿ. ತಳ್ಳುಗಾಡಿ, ಫೋರ್ಕು, ಬಕೆಟ್ಟು, ಮತ್ತೆ ತಳ್ಳುಗಾಡಿ. ಮಳೆ ಬಂದರೂ ಇದೇ, ಹಬ್ಬ ಬಂದರೂ ಇದೇ.

ಆದರೆ ಈ ಕೆಲಸ ಮಾಡುವವರ ಕಣ್ಣಿಗೆ ಬಿದ್ದಷ್ಟು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆರೋಗ್ಯವಾಗಿರುವ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ನೆಲದಲ್ಲಿ ಎರಡೇ ಗುಪ್ಪೆ, ಅದೂ ಸಣ್ಣದು, ಒಣಗಿದ್ದು. ರಾತ್ರಿ ಹಾಕಿದ ಹುಲ್ಲು ಹಾಗೇ ಉಳಿದಿದೆ. ಕುದುರೆ ತಲೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದೆ. ಇಷ್ಟು ಕಂಡರೆ ಫೋರ್ಕು ಅಲ್ಲೇ ಒರಗಿಸಿ ಓಡಬೇಕು. ಅದು ಕಾಲಿಕ್, ಅಂದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಸಿಕ್ಕಿಕೊಂಡದ್ದು, ಉಬ್ಬಿದ್ದು ಬಾಯಿಂದ ಹೊರಗೆ ಬರುವ ದಾರಿ ಇಲ್ಲ. ಪಶುವೈದ್ಯರು ಬರುವುದು ಒಂದೆರಡು ಗಂಟೆ ತಡವಾದರೂ ಪ್ರಾಣಕ್ಕೆ ಕುತ್ತು. ಆ ಎರಡು ಗುಪ್ಪೆಯನ್ನು ಮೊದಲು ನೋಡುವುದು ಲಾಯ ಗುಡಿಸುವವರೇ.

ಹಾಗಾಗಿ ಇಲ್ಲಿ ಬೇಕಾಗಿರುವುದು ತೋಳ್ಬಲ ಅಷ್ಟೇ ಅಲ್ಲ. ನಿನ್ನೆ ಹೇಗಿತ್ತು ಅನ್ನುವ ನೆನಪು ಬೇಕು. ವಾರಕ್ಕೊಮ್ಮೆ ಬಂದರೂ ಅದೇ ಸಾಲಿನ ಅದೇ ಕುದುರೆಗಳನ್ನು ನೋಡಿಕೊಂಡರೆ ನಿಮಗೆ ಆ ನೆನಪು ಬೆಳೆಯುತ್ತದೆ. ಕೇಂದ್ರದವರು ಪ್ರತಿ ಸಲ ಬೇರೆ ಸಾಲಿಗೆ ಹಾಕಿದರೆ, ಒಂದೇ ಸಾಲು ಕೊಡಿ ಅಂತ ಕೇಳಿ. ತಪ್ಪೇನಿಲ್ಲ.

ಖರ್ಚು ಕಡಿಮೆ. ಬೆರಳು ಮುಚ್ಚುವ ಗಟ್ಟಿ ಬೂಟು, ಕೈಗವಸು, ಟೆಟನಸ್ ಲಸಿಕೆ. ಇಷ್ಟಿದ್ದರೆ ಸಾಕು. ಟೆಟನಸ್ ರೋಗಾಣು ಮಣ್ಣಿನಲ್ಲಿ, ಕುದುರೆ ಲದ್ದಿಯಲ್ಲಿ ಸಾಮಾನ್ಯ. ಅದಕ್ಕೇ ಲಸಿಕೆಯ ವಿಷಯದಲ್ಲಿ ಸಡಿಲ ಬಿಡಬೇಡಿ.

ಒಂದೇ ಕೊರತೆ ಅಂದರೆ, ಕುದುರೆಯ ಜೊತೆ ಸುಮ್ನೆ ನಿಲ್ಲುವ ಹೊತ್ತು ಇಲ್ಲಿ ಕಡಿಮೆ. ಕೆಲಸ ಮುಗಿಸಿ, ಮೂತಿ ಸವರಿ ಬರುವಷ್ಟು. ಕೆಲವರಿಗೆ ಅಷ್ಟೇ ಸಾಕು. ಕೆಲವರಿಗೆ ಸಾಲುವುದಿಲ್ಲ.

ಪಳಗಿಸುವ ಕೆಲಸ, ಅಂದರೆ ನಂಬಿಕೆ ವಾಪಸ್ ತರುವುದು

ಎಲ್ಲರ ಕಣ್ಣು ಇರುವುದು ಈ ಚೌಕದ ಮೇಲೆ. ಹೊಡೆತ ತಿಂದ, ಹಸಿದ, ಮನುಷ್ಯರ ಕೈ ಕಂಡರೆ ಬೆದರುವ ಕುದುರೆಗೆ ಮತ್ತೆ ಕೈ ಅಭ್ಯಾಸ ಮಾಡಿಸುವುದು. ನಿಜವಾಗಿಯೂ ಇದಕ್ಕಿಂತ ತೃಪ್ತಿ ಕೊಡುವ ಕೆಲಸ ನನಗೆ ಗೊತ್ತಿಲ್ಲ. ಇದಕ್ಕಿಂತ ಜಾಸ್ತಿ ಶಿಸ್ತು ಬೇಡುವ ಕೆಲಸವೂ ಗೊತ್ತಿಲ್ಲ.

ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ. ಮೂಗಿನ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ಹೊಸಬರು ಪ್ರೀತಿಯಿಂದ ನೇರ ಮುಖದ ಮುಂದೆ ಹೋಗಿ ಹಣೆಗೆ ಕೈ ಚಾಚುತ್ತಾರೆ. ಕುದುರೆಯ ಪಾಲಿಗೆ ಅದು ಎಲ್ಲಿಂದಲೋ ಬಂದ ಕೈ. ಹಾಗಾಗಿ ಭುಜದ ಕಡೆಯಿಂದ, ಮಾತಾಡುತ್ತಾ, ಓರೆಯಾಗಿ ಹೋಗಬೇಕು. ಅದು ಒಂದು ಹೆಜ್ಜೆ ಹಿಂದೆ ಸರಿದರೆ ನೀವೂ ನಿಲ್ಲಬೇಕು. ಅದು ನಿಮ್ಮ ಕಡೆ ಕಿವಿ ತಿರುಗಿಸಿದ ಕೂಡಲೇ ನೀವು ಹಿಂದೆ ಸರಿಯಬೇಕು. ಒತ್ತಡ ಕೊಟ್ಟು ಕಲಿಸುವುದಲ್ಲ. ಒತ್ತಡ ಬಿಟ್ಟ ಆ ಕ್ಷಣದಲ್ಲೇ ಕುದುರೆ ಕಲಿಯುವುದು.

ಒಂದು ಕಂದು ಬಣ್ಣದ ಹೆಣ್ಣು ಕುದುರೆ ನನ್ನ ಪಾಲಿಗೆ ಬಂದಿತ್ತು. ಕಿವಿ ಮುಟ್ಟಲು ಬಿಡುತ್ತಿರಲಿಲ್ಲ. ಯಾರೋ ಹಿಂದೆ ಕಿವಿ ತಿರುಚಿ ಹಿಡಿದು ಲಗಾಮು ಹಾಕಿರಬೇಕು. ಕೈ ಕತ್ತಿನ ಅರ್ಧಕ್ಕೆ ಬಂದರೆ ಸಾಕು, ತಲೆ ಆಕಾಶಕ್ಕೆ. ಮೊದಲ ವಾರಗಳಲ್ಲಿ ನಾನು ಮಾಡಿದ್ದು ಇಷ್ಟೇ. ಮೆತ್ತನೆಯ ಬ್ರಷ್ ಹಿಡಿದು ಭುಜ ಉಜ್ಜುವುದು. ಪ್ರತಿ ಸಲ ಒಂದು ಬೆರಳಷ್ಟು ಮೇಲೆ. ಅವಳ ಕತ್ತು ಬಿಗಿಯಾಗುವ ಮೊದಲೇ ಕೈ ತೆಗೆಯುವುದು. ಬಿಗಿಯಾದ ಮೇಲೆ ತೆಗೆದರೆ ಬಿಗಿಯಾಗುವುದನ್ನೇ ಕಲಿಸಿದ ಹಾಗೆ. ಮೂರನೇ ತಿಂಗಳಲ್ಲಿ ಒಂದು ಸಂಜೆ ಕಿವಿಯ ಬುಡಕ್ಕೆ ಬ್ರಷ್ ತಾಗಿತು. ತಲೆ ಎತ್ತಲಿಲ್ಲ. ಕೆಳತುಟಿ ಸಡಿಲವಾಗಿ ಜೋತುಬಿತ್ತು. ನಾಲಿಗೆ ಹೊರಗೆ ಬಂತು, ಬಾಯಿ ಚಪ್ಪರಿಸಿದಳು. ಬಿಗಿ ಬಿಟ್ಟ ಕುದುರೆ ಹೀಗೆ ಮಾಡುತ್ತದೆ. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ, ಅದೂ ಆಗಲೇ ಗೊತ್ತಾಗಿದ್ದು.

ಆಮೇಲೆ ನನ್ನ ಸ್ವಂತ ಕೆಲಸದಲ್ಲಿ ಸಿಕ್ಕಿಕೊಂಡು ಮೂರು ವಾರ ಹೋಗಲಿಲ್ಲ. ಬೇರೆಯವರಿಗೆ ಹೇಳಿಯೂ ಹೋಗಿರಲಿಲ್ಲ. ಆ ನಡುವೆ ಯಾರೋ ಅವಸರದಲ್ಲಿ ಅವಳಿಗೆ ಹಾಲ್ಟರ್, ಅಂದರೆ ತಲೆಗೆ ಕಟ್ಟುವ ಪಟ್ಟಿ, ಹಾಕಲು ಹೋದರು. ವಾಪಸ್ ಹೋದಾಗ ಮತ್ತೆ ಭುಜದಿಂದ ಶುರು. ತಪ್ಪು ಅವರದ್ದಲ್ಲ, ನನ್ನದು. ಅವರಿಗೆ ಏನು ಗೊತ್ತಿತ್ತು? ಪರಿಚಿತ ಮನುಷ್ಯರ ಮುಖವನ್ನೂ ದನಿಯನ್ನೂ ಕುದುರೆಗಳು ಹೊಂದಿಸಿ ಗುರುತಿಸುತ್ತವೆ. ಬರುವವರು ಬಾರದೇ ಇದ್ದರೂ ಅವಕ್ಕೆ ಗೊತ್ತಾಗುತ್ತದೆ.

ಅದಕ್ಕೇ ಹೇಳುವುದು. ವಾರಕ್ಕೆ ಕನಿಷ್ಠ ಎರಡು ಮೂರು ದಿನ, ಆರು ತಿಂಗಳು, ತಪ್ಪದೆ ಬರುತ್ತೇನೆ ಅನ್ನುವ ಧೈರ್ಯ ಇದ್ದರೆ ಮಾತ್ರ ಈ ಚೌಕ ಆರಿಸಿಕೊಳ್ಳಿ. ಇಲ್ಲವಾದರೆ ಈಗ ಬೇಡ. ಇನ್ನೊಬ್ಬರು ಮಾಡುವ ಪಳಗಿಸುವ ಕೆಲಸವನ್ನು ಬೇಲಿಯ ಆಚೆ ನಿಂತು ನೋಡಿ. ನೋಡಿಯೇ ಅರ್ಧ ಕಲಿಯಬಹುದು.

ಹೆಲ್ಮೆಟ್ ಬೇಕು, ಸವಾರಿ ಮಾಡದಿದ್ದರೂ ಬೇಕು. ಉಂಗುರ ತೆಗೆದಿಡಿ. ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ. ಮಡಚಿ ಹಿಡಿಯಿರಿ. ಕುದುರೆ ಬೆದರಿ ಓಡಿದರೆ ಸುತ್ತಿದ ಹಗ್ಗ ಬೆರಳನ್ನೇ ತೆಗೆದುಕೊಂಡು ಹೋಗುತ್ತದೆ.

ಹಸಿದು ಬಂದ ಕುದುರೆಯ ಆರೈಕೆ

ಇದು ಅರ್ಜಿಯಲ್ಲಿ ಬೇರೆ ಚೌಕವಾಗಿ ಇರುವುದು ಅಪರೂಪ. ಆದರೆ ರಾತ್ರಿ ಎಚ್ಚರ ಇರಬಲ್ಲವರಿಗೆ ಇದರಷ್ಟು ಹೊಂದುವ ಕೆಲಸ ಇಲ್ಲ.

ಕುದುರೆಯ ಮೈಕಟ್ಟನ್ನು 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 1983ರಲ್ಲಿ ಡಾನ್ ಹೆನ್ನೆಕೆ ರೂಪಿಸಿದ ಅಳತೆ ಇದು. 5 ಅಂದರೆ ಹದವಾದ ಮೈ. 1 ಅಂದರೆ ಚರ್ಮ ಮತ್ತು ಮೂಳೆ. ಅಂಥ ಕುದುರೆಯನ್ನು ಕಂಡ ಕೂಡಲೇ ನಮಗೆ ಅನ್ನಿಸುವುದೇನು? ಹೊಟ್ಟೆ ತುಂಬ ತಿನ್ನಿಸೋಣ ಅಂತ. ಅದೇ ಅದನ್ನು ಕೊಲ್ಲಬಹುದು. ತುಂಬ ದಿನ ಹಸಿದ ದೇಹಕ್ಕೆ ಧಾನ್ಯ ಬಿದ್ದರೆ ಇನ್ಸುಲಿನ್ ಒಮ್ಮೆಗೇ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ಹೃದಯ, ಉಸಿರಾಟ ಸೋಲುತ್ತವೆ. ಹೊಟ್ಟೆಗೆ ಬಿದ್ದ ಕೆಲವು ದಿನಗಳಲ್ಲೇ ಕುದುರೆ ಸತ್ತುಹೋಗಬಹುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ಇದನ್ನು ಅಧ್ಯಯನ ಮಾಡಿ ಒಂದು ಕ್ರಮ ಹೇಳಿದರು. ಮೊದಲ ಮೂರು ದಿನ ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಅಲ್ಫಾಲ್ಫಾ ಅನ್ನುವ ಮೇವು) ಮಾತ್ರ. ಸುಮಾರು ಅರ್ಧ ಕೆಜಿ, ನಾಲ್ಕು ಗಂಟೆಗೊಮ್ಮೆ. ಆಮೇಲೆ ಹತ್ತನೇ ದಿನದ ತನಕ ನಿಧಾನವಾಗಿ ಏರಿಸುವುದು. ನಾಲ್ಕು ಗಂಟೆಗೊಮ್ಮೆ ಅಂದರೆ ನಡುರಾತ್ರಿಯೂ ಸೇರಿತು, ಬೆಳಗಿನ ಜಾವವೂ ಸೇರಿತು. ಪಶುವೈದ್ಯರು ಬರೆದುಕೊಟ್ಟ ಚೀಟಿ ಗೋಡೆಗೆ ಅಂಟಿಸಿರುತ್ತದೆ. ಅದರಂತೆ ತೂಗಿ ಕೊಡಬೇಕು, ಗುರುತು ಹಾಕಬೇಕು. ಕುದುರೆ ಬಕೆಟ್ ನೆಕ್ಕಿ ನಿಮ್ಮ ಮುಖ ನೋಡುತ್ತದೆ. ಇನ್ನೊಂದು ಹಿಡಿ ಹಾಕಬಾರದು. ಕರುಳು ಕಿತ್ತು ಬರುತ್ತದೆ, ಆದರೂ ಹಾಕಬಾರದು.

ನಾಡಿ, ಉಸಿರು, ಜ್ವರ ನೋಡುವುದನ್ನೂ ಕಲಿಸುತ್ತಾರೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅನುಭವ ಇರಲೇಬೇಕು ಅಂತಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಗುಣ ಬೇಕು. ಹತ್ತು ದಿನ ಪೂರ್ತಿ ಕೊಟ್ಟು, ಆಮೇಲೆ ಎರಡು ತಿಂಗಳು ಬರಲಾಗದವರಿಗೂ ಇದು ಸರಿಹೋಗುತ್ತದೆ. ಮನಸ್ಸು ಮಾತ್ರ ಗಟ್ಟಿ ಇರಬೇಕು. ಸಾವನ್ನು ಹತ್ತಿರದಿಂದ ನೋಡುವ ಸಂಭವ ಇಲ್ಲೇ ಜಾಸ್ತಿ.

ಮನೆಯಲ್ಲಿ ಇಟ್ಟುಕೊಂಡು ಸಾಕುವುದು

ಕೇಂದ್ರದಲ್ಲಿ ಜಾಗ ಸಾಲದಾಗ ಒಂದು ಕುದುರೆಯನ್ನು ಕೆಲವು ತಿಂಗಳು ನಿಮ್ಮ ಜಾಗದಲ್ಲಿ ಇಟ್ಟುಕೊಳ್ಳಿ ಅನ್ನುತ್ತಾರೆ. ಒಡೆತನ ಕೇಂದ್ರದ್ದೇ. ಆರೈಕೆ ನಿಮ್ಮದು.

ಖರ್ಚಿನಲ್ಲಿ ಎಲ್ಲಕ್ಕಿಂತ ಭಾರ ಇದು. ಪೂರ್ತಿ ಮೇಯಿಸಿಯೇ ಸಾಕುವುದಾದರೆ ಒಂದು ಕುದುರೆಗೆ ಅರ್ಧದಿಂದ ಒಂದು ಹೆಕ್ಟೇರ್ ಒಳ್ಳೆಯ ಹುಲ್ಲುಗಾವಲು ಬೇಕು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಜಾಗ ಕಡಿಮೆ ಇದ್ದರೆ ಮೇವು ಕೊಳ್ಳಬೇಕು. ಮುಳ್ಳುತಂತಿ ಬೇಲಿ ಆಗದು, ಬೆದರಿದ ಕುದುರೆ ಅದಕ್ಕೆ ನುಗ್ಗಿ ಕಾಲು ಹರಿದುಕೊಳ್ಳುತ್ತದೆ. ಬೇಲಿ ಸಾಲಿನಲ್ಲಿ ಕಣಗಿಲೆ ಗಿಡ ಇದ್ದರೆ ಬುಡಸಮೇತ ತೆಗೆಸಿ. ಅದರ ಸ್ವಲ್ಪವೇ ಎಲೆ ಕುದುರೆಯ ಪ್ರಾಣ ತೆಗೆಯುತ್ತದೆ, ಒಣಗಿದ ಎಲೆಯೂ ವಿಷವೇ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಗೆ ಹಲ್ಲು ತೋರಿಸಬೇಕು.

ಮತ್ತೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಇಟ್ಟರೆ ಎಷ್ಟು ಹುಲ್ಲು ಹಾಕಿದರೂ ಅದಕ್ಕೆ ನೆಮ್ಮದಿ ಇಲ್ಲ. ಜೊತೆಗೆ ಇನ್ನೊಂದು ಕುದುರೆ ಇರಬೇಕು. ಕತ್ತೆಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಜೋಡಿ ಕತ್ತೆಗಳನ್ನು ಬೇರೆ ಮಾಡಿದರೆ ಕೊರಗಿ ಮೇವು ಬಿಡುತ್ತವೆ. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬು ಏರಿ ಅದು ಸಾಯಲೂಬಹುದು. ಹಾಗಾಗಿ ಮನೆಯಲ್ಲಿ ಈಗಾಗಲೇ ಕುದುರೆ ಇದ್ದವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಖಾಲಿ ಜಾಗ ಇದೆ, ಒಂದು ಕುದುರೆ ತರೋಣ ಅನ್ನುವವರಿಗೆ ಅಲ್ಲ.

ಒಪ್ಪುವ ಮೊದಲು ಬರಹದಲ್ಲಿ ಕೇಳಿ ತಿಳಿಯಿರಿ. ಮೇವಿನ ಖರ್ಚು ಯಾರದ್ದು? ಪಶುವೈದ್ಯರ ಖರ್ಚು ಯಾರದ್ದು? ನಡುರಾತ್ರಿ ಹೊಟ್ಟೆಶೂಲೆ ಬಂದರೆ ಯಾರಿಗೆ ಫೋನ್ ಮಾಡಬೇಕು? ಶಸ್ತ್ರಚಿಕಿತ್ಸೆಯೋ, ನೋವಿಲ್ಲದ ಸಾವೋ ಅಂತ ತೀರ್ಮಾನ ಮಾಡುವುದು ಯಾರು? ಎಷ್ಟು ತಿಂಗಳಿಗೆ ವಾಪಸ್ ಕರೆದುಕೊಳ್ಳುತ್ತಾರೆ? ಕುದುರೆ 25, 30 ವರ್ಷ ಬದುಕುತ್ತದೆ. ‘ಸ್ವಲ್ಪ ದಿನ’ ಅನ್ನುವ ಮಾತಿಗೆ ತಾರೀಖು ಹಾಕಿಸಿಕೊಳ್ಳಿ. ಹೊಸದಾಗಿ ಬಂದ ಕುದುರೆಯನ್ನು ನಿಮ್ಮ ಹಳೆಯ ಕುದುರೆಯಿಂದ ಎರಡು ಮೂರು ವಾರವಾದರೂ ದೂರ ಇಡಿ. ಸ್ಟ್ರ್ಯಾಂಗಲ್ಸ್ ಅನ್ನುವ ಗಂಟಲು ಬಾವಿನ ರೋಗ ನೀರಿನ ಬಕೆಟ್ಟಿನಿಂದಲೂ ಹರಡುತ್ತದೆ.

ರಕ್ಷಣಾ ತಂಡ

ಕೆಸರಿನಲ್ಲಿ ಹೂತ ಕುದುರೆಯನ್ನು ಎತ್ತುವುದು, ಹಿಂಸೆಯ ಜಾಗದಿಂದ ಬಿಡಿಸಿ ತರುವುದು. ಕೇಳಲು ಮೈ ಜುಮ್ಮೆನ್ನುತ್ತದೆ. ಹೊಸಬರಿಗೆ ಇದು ಬೇಡ ಅಂತ ಒಂದೇ ಮಾತಿನಲ್ಲಿ ಹೇಳುತ್ತೇನೆ.

ನೆಲಕ್ಕೆ ಬಿದ್ದ ಕುದುರೆಯ ಕಾಲಿನ ಕಡೆ ನಿಲ್ಲಬಾರದು, ಬೆನ್ನಿನ ಕಡೆ ನಿಲ್ಲಬೇಕು. ಕತ್ತು, ಬಾಲ, ಕಾಲು ಹಿಡಿದು ಎಳೆಯಬಾರದು. ಮೈಸುತ್ತ ಅಗಲವಾದ ಪಟ್ಟಿ ಹಾಕಿ ಎಳೆಯಬೇಕು. ಇವನ್ನೆಲ್ಲ ಓದಿ ತಿಳಿಯಬಹುದು, ಆದರೆ ಒದೆಯುವ ಗೊರಸಿನ ಪಕ್ಕ ನಿಂತು ನೆನಪಿಟ್ಟುಕೊಳ್ಳಲು ತರಬೇತಿ ಬೇಕು. ಹಿಂಸೆಯ ದೂರು ಬಂದಾಗ ಪೊಲೀಸರು, ಅಧಿಕಾರಿಗಳು ಇಲ್ಲದೆ ಬೇರೆಯವರ ಜಾಗಕ್ಕೆ ಕಾಲಿಡುವ ಹಾಗಿಲ್ಲ. ಸಾಕ್ಷಿಯೂ ಕೆಡುತ್ತದೆ, ಕುದುರೆಯೂ ವಾಪಸ್ ಹೋಗುತ್ತದೆ. ಒಂದು ವರ್ಷ ಲಾಯದಲ್ಲಿ ಕಳೆದು, ಕುದುರೆಯನ್ನು ಗಾಡಿಗೆ ಹತ್ತಿಸುವುದನ್ನು ನೂರು ಸಲ ನೋಡಿ, ಆಮೇಲೆ ಯೋಚಿಸಿ. ದೊಡ್ಡ ಗಾಡಿ ಓಡಿಸಲು ಬಂದರೆ ಮಾತ್ರ ವಿಷಯ ಬೇರೆ. ಒಳ್ಳೆಯ ಚಾಲಕರಿಗೆ ಎಲ್ಲ ಕೇಂದ್ರಗಳೂ ಕಾಯುತ್ತಿರುತ್ತವೆ.

ಮನೆಯಿಂದಲೇ ಮಾಡುವ ಕೆಲಸ

ಲೆಕ್ಕ ಬರೆಯುವುದು, ಫೋಟೊ ತೆಗೆಯುವುದು, ದತ್ತು ಕೇಳಿದವರ ಜಾಗ ನೋಡಿ ಬರುವುದು, ದತ್ತು ಹೋದ ಕುದುರೆ ಹೇಗಿದೆ ಅಂತ ತಿಂಗಳಿಗೊಮ್ಮೆ ಫೋನ್ ಮಾಡುವುದು. ಧೂಳಿನ ಅಲರ್ಜಿ ಇದ್ದವರು, ದೂರ ಇರುವವರು, ಹೊತ್ತು ಗೊತ್ತಿಲ್ಲದ ಕೆಲಸದವರು ಇದನ್ನು ಧಾರಾಳವಾಗಿ ಆರಿಸಿ. ಕುದುರೆಯ ಭುಜದ ಎತ್ತರಕ್ಕೆ ಕ್ಯಾಮೆರಾ ಹಿಡಿದು, ಪೂರ್ತಿ ಮೈ ಪಕ್ಕದಿಂದ ಕಾಣುವ ಹಾಗೆ ಬೆಳಕಿನಲ್ಲಿ ತೆಗೆದ ಒಂದು ಫೋಟೊ ಅದಕ್ಕೆ ಮನೆ ಹುಡುಕಿಕೊಡಬಲ್ಲದು. ಹಣ ಕೊಡುವುದಾದರೆ ಒಮ್ಮೆ ದೊಡ್ಡದಾಗಿ ಕೊಡುವುದಕ್ಕಿಂತ ಪ್ರತಿ ತಿಂಗಳು ಸಣ್ಣದಾಗಿ ಕೊಡಿ. ಮೇವಿನ ಖರ್ಚು ತಿಂಗಳು ತಿಂಗಳೂ ಬರುವಂಥದ್ದು.

ದೂರದ ಕೇಂದ್ರಕ್ಕೆ ಹೋಗಿ ಎರಡು ವಾರ ತಂಗುವ ಯೋಜನೆಗಳ ಬಗ್ಗೆಯೂ ಕೇಳುತ್ತಾರೆ. ಹೋಗಿ, ಆದರೆ ಬೇಲಿ ರಿಪೇರಿ, ಹುಲ್ಲು ಕೂಡಿಡುವುದು, ಬಣ್ಣ ಬಳಿಯುವುದು ಇಂಥ ಕೆಲಸ ಕೊಡುವ ಕಡೆ ಹೋಗಿ. ಹೆದರಿದ ಕುದುರೆಯನ್ನು ವಾರ ವಾರ ಹೊಸ ಕೈಗೆ ಕೊಡುವ ಜಾಗ ನನಗೆ ಇಷ್ಟವಿಲ್ಲ. ನೀವು ಕಟ್ಟುವ ಶುಲ್ಕ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ.

ಎಂಥ ಸಂಸ್ಥೆ?

ಕೆಲಸ ಆರಿಸಿದಷ್ಟೇ ಮುಖ್ಯ ಸಂಸ್ಥೆ ಆರಿಸುವುದು. ಮೂರು ಬಗೆ ಇವೆ ಅಂದುಕೊಳ್ಳಿ.

ಒಂದು, ಕೊನೆತನಕ ಸಾಕುವ ಆಶ್ರಯಧಾಮ. ಮುದಿ ಕುದುರೆ, ಕುಂಟು ಕುದುರೆ ಇಲ್ಲೇ ಬಾಳಿ ಇಲ್ಲೇ ಕಣ್ಣು ಮುಚ್ಚುತ್ತವೆ. ಬ್ರಿಟನ್ನಿನಲ್ಲಿ ಎಲಿಸಬೆತ್ ಸ್ವೆಂಡ್ಸನ್ 1969ರಲ್ಲಿ ಶುರು ಮಾಡಿದ ಡಾಂಕಿ ಸ್ಯಾಂಕ್ಚುಯರಿ ಕತ್ತೆಗಳಿಗೆ ಇಂಥ ಆಸರೆ ಕೊಟ್ಟು ಹೆಸರಾಯಿತು. ಅದೇ ಪ್ರಾಣಿಯ ಜೊತೆ ವರ್ಷಗಟ್ಟಲೆ ಇರಬೇಕು, ಅಗಲಲು ಆಗುವುದಿಲ್ಲ ಅನ್ನುವವರಿಗೆ ಇಂಥದ್ದು ಒಳ್ಳೆಯದು. ಕೆಲಸ ನಿಧಾನ, ದಿನಚರಿ ಒಂದೇ ಥರ.

ಎರಡು, ಚೇತರಿಸಿ ಮನೆಗೆ ಕಳಿಸುವ ಕೇಂದ್ರ. 1927ರಲ್ಲಿ ಏಡಾ ಕೋಲ್ ಸ್ಥಾಪಿಸಿದ ಸಂಸ್ಥೆ ಈಗ ವರ್ಲ್ಡ್ ಹಾರ್ಸ್ ವೆಲ್ಫೇರ್ ಅನ್ನುವ ಹೆಸರಲ್ಲಿ ಬೇರೆ ಕೆಲಸಗಳ ಜೊತೆ ಇದನ್ನೂ ಮಾಡುತ್ತದೆ. ಇಲ್ಲಿ ಒಂದು ಕುದುರೆ ಹೋದರೆ ಇನ್ನೊಂದಕ್ಕೆ ಜಾಗ ಆಗುತ್ತದೆ. ಕಲಿಯಲು ಜಾಸ್ತಿ ಇದೆ, ವಿದಾಯವೂ ಜಾಸ್ತಿ.

ಮೂರು, ದುಡಿಯುವ ಪ್ರಾಣಿ ಇರುವಲ್ಲಿಗೇ ಹೋಗುವ ಸಂಸ್ಥೆ. ಮೊದಲ ಮಹಾಯುದ್ಧದಲ್ಲಿ ದುಡಿದ ಸೇನೆಯ ಕುದುರೆಗಳು ಈಜಿಪ್ಟಿನಲ್ಲಿ ಮಾರಾಟವಾಗಿ, ಮುದಿಯಾಗಿ, ಗಾಡಿ ಎಳೆಯುತ್ತಿದ್ದವು. 1930ರಲ್ಲಿ ಕೈರೋಗೆ ಹೋದ ಡೊರೊತಿ ಬ್ರೂಕ್ ಅವನ್ನು ಕಂಡು, ಸಾವಿರಾರು ಕುದುರೆಗಳನ್ನು ಕೊಂಡು ನೋವಿನಿಂದ ಬಿಡಿಸಿದರು. 1934ರಲ್ಲಿ ಅಲ್ಲೇ ಉಚಿತ ಆಸ್ಪತ್ರೆ ತೆರೆದರು. ಈಗ ಬ್ರೂಕ್ ಅನ್ನುವ ಹೆಸರಿನ ಸಂಸ್ಥೆ ಅದರಿಂದಲೇ ಬೆಳೆದದ್ದು. ಇಂಥ ಕಡೆ ಕುದುರೆಗಿಂತ ಜಾಸ್ತಿ ಮನುಷ್ಯರ ಜೊತೆ ಮಾತಾಡಬೇಕು. ಆ ಪ್ರಾಣಿಯ ಮೇಲೆ ಒಂದು ಮನೆಯ ಊಟ ನಿಂತಿರುತ್ತದೆ. ಮಾಲೀಕರನ್ನು ಬೈದರೆ ಅವರು ಮತ್ತೆ ಪ್ರಾಣಿಯನ್ನು ತೋರಿಸಲು ತರುವುದಿಲ್ಲ. ಜೀನಿನ ಕೆಳಗೆ ಯಾಕೆ ಗಾಯ ಆಗುತ್ತದೆ ಅಂತ ತಾಳ್ಮೆಯಿಂದ ತೋರಿಸಬಲ್ಲವರು ಇಲ್ಲಿಗೆ ಹೋಗಿ.

ಸಂಸ್ಥೆ ಸರಿಯಾಗಿದೆಯಾ ಅಂತ ನೋಡಲು ನಾನು ಕೆಲವೇ ವಿಷಯ ಗಮನಿಸುತ್ತೇನೆ. ಹೊಸ ಕುದುರೆಗೆ ಬೇರೆ ಜಾಗ, ಬೇರೆ ಬಕೆಟ್ ಇದೆಯಾ? ಅಲ್ಲಿಯೇ ಮರಿ ಹಾಕಿಸುತ್ತಾರಾ? ಹಾಗಿದ್ದರೆ ಅಲ್ಲಿಂದ ಹೊರಡಿ. ದತ್ತು ಕೊಟ್ಟ ಕುದುರೆ ಬೇಡವಾದರೆ ವಾಪಸ್ ತಮಗೇ ಬರಬೇಕು ಅಂತ ಕರಾರು ಇದೆಯಾ? ಜಾಗ ತುಂಬಿದೆ, ಈಗ ಆಗುವುದಿಲ್ಲ ಅಂತ ಯಾವತ್ತಾದರೂ ಹೇಳಿದ್ದಾರಾ? ಎಲ್ಲದಕ್ಕೂ ಹೂಂ ಅನ್ನುವ ಜಾಗದಲ್ಲಿ ಕೊನೆಗೆ ಎಲ್ಲ ಕುದುರೆಗಳೂ ಅರೆಹೊಟ್ಟೆ. ಮತ್ತೆ, ನೋವು ತೀರದ ಕುದುರೆಯ ಕೊನೆಯ ಬಗ್ಗೆ ಕೇಳಿ. ನೇರವಾಗಿ ಉತ್ತರ ಕೊಡುವವರನ್ನು ನಂಬಬಹುದು.

ಇನ್ನೂ ತೀರ್ಮಾನ ಆಗದಿದ್ದರೆ

ವಾರಕ್ಕೊಂದು ಬೆಳಿಗ್ಗೆ ಸಿಗುವವರು ಲಾಯಕ್ಕೆ ಹೋಗಿ. ನಿವೃತ್ತರಾಗಿ ಹೊತ್ತು ಕೈಯಲ್ಲಿದೆ, ಆದರೆ ಬಕೆಟ್ ಎತ್ತಲು ಆಗುವುದಿಲ್ಲ ಅನ್ನುವವರು ಬ್ರಷ್ ಹಿಡಿಯುವುದಕ್ಕೆ, ಪಳಗಿದ ಮುದಿ ಕುದುರೆಗಳ ಜೊತೆ ನಿಲ್ಲುವುದಕ್ಕೆ ಕೇಳಿ. ಓದುವ ಮಕ್ಕಳಿದ್ದರೆ ಮೊದಲು ಕೇಂದ್ರದ ವಯಸ್ಸಿನ ನಿಯಮ ಕೇಳಿ, ಸಾಧ್ಯವಾದರೆ ನೀವೂ ಜೊತೆಗೆ ಸೇರಿ. ಜಾಗ, ಹಣ, ಕುದುರೆ ಮೂರೂ ಇದ್ದವರು ಮನೆಗೆ ಕರೆತನ್ನಿ. ಕೈಯಲ್ಲಿ ಹಣ ಮಾತ್ರ ಇದ್ದರೆ ಒಂದು ಮುದಿ ಕುದುರೆಯ ತಿಂಗಳ ಮೇವು ಹೊರಿ. ಮುದಿ ಕುದುರೆಗೆ ದಾನಿಗಳು ಸಿಗುವುದು ಬಹಳ ಕಷ್ಟ.

ಮೊದಲ ಭೇಟಿಗೆ ಬಿಸಿಲಿನ ಭಾನುವಾರ ಹೋಗಬೇಡಿ. ಮಳೆ ಸುರಿಯುವ ಕೆಲಸದ ದಿನ, ಬೆಳಿಗ್ಗೆ ಮೇವು ಹಾಕುವ ಹೊತ್ತಿಗೆ ಹೋಗಿ. ಕೆಸರು, ವಾಸನೆ, ಕಡಿಮೆ ಜನ, ಎಲ್ಲ ಕಾಣುತ್ತದೆ. ಆ ದಿನ ಮುಗಿಸಿ ಮನೆಗೆ ಬಂದ ಮೇಲೂ ಮತ್ತೆ ಹೋಗಬೇಕು ಅನ್ನಿಸಿದರೆ ಒಂದು ತಿಂಗಳ ಮಟ್ಟಿಗೆ ಒಪ್ಪಿಕೊಳ್ಳಿ. ವರ್ಷದ ಮಾತು ಆಮೇಲೆ ಕೊಡಬಹುದು.

ಬಿಡಬೇಕಾಗಿ ಬಂದರೆ ಅದರಲ್ಲಿ ತಪ್ಪಿಲ್ಲ. ಊರು ಬದಲಾಗುತ್ತದೆ, ಮೈ ಸೋಲುತ್ತದೆ. ಆದರೆ ಒಂದು ತಿಂಗಳು ಮೊದಲೇ ಹೇಳಿ. ನಿಮ್ಮ ಜಾಗಕ್ಕೆ ಬರುವವರನ್ನು ನಾಲ್ಕು ಸಲವಾದರೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲ ದಿನ ಅವರು ಬೇಲಿಯ ಹೊರಗೆ ನಿಲ್ಲಲಿ. ಎರಡನೇ ದಿನ ನಿಮ್ಮ ಪಕ್ಕ. ಮೂರನೇ ದಿನ ಬ್ರಷ್ ಅವರ ಕೈಗೆ ಕೊಟ್ಟು ನೀವು ಪಕ್ಕ ಸರಿಯಿರಿ. ನಾಲ್ಕನೇ ದಿನ ನೀವು ಬೇಲಿಯ ಹೊರಗೆ ನಿಂತು ನೋಡಿ.